ಮಾದಕ ವ್ಯಸನ ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು

ವೈದ್ಯರ ಸಲಹೆಯಿಲ್ಲದೆ, ಮನಸ್ಸಿನ ಸ್ಥಿತಿಯನ್ನು ಬದಲಿಸಿಕೊಳ್ಳಲೆಂದೇ ಯಾವುದಾದರೂ ವಸ್ತುವನ್ನು ಸೇದುವುದು, ನುಂಗುವುದು, ಮೂಸುವುದು ಅಥವಾ ಚುಚ್ಚಿಕೊಳ್ಳುವುದನ್ನು ಮಾದಕ ವಸ್ತುವಿನ ದುರ್ಬಳಕೆ ಎನ್ನುತ್ತಾರೆ. ವೈದ್ಯಶಾಸ್ತ್ರ ಇದರಲ್ಲಿ ಕೇವಲ ಬಳಕೆ, ಹಾನಿಕರ ಬಳಕೆ, ಅವಲಂಬನೆ ಎಂಬ ಹಂತಗಳನ್ನು ಗುರುತಿಸುತ್ತದೆ. ಆಡುಮಾತಿನ ‘ಚಟ’ ಎಂಬ ಪದ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಸ್ನೇಹಿತನ ಹುಟ್ಟುಹಬ್ಬದಲ್ಲಿ ಒಮ್ಮೆ ಗಾಂಜಾ ಸೇದಿದ ಹುಡುಗ, ದಿನವೂ ಅದಿಲ್ಲದೆ ನಿದ್ದೆ ಬಾರದ ಹುಡುಗ, ಇಬ್ಬರಿಗೂ ಒಂದೇ ಹೆಸರು ಅಂಟಿಕೊಳ್ಳುತ್ತದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮಟ್ಟಿಗೆ ಈ ಗೊಂದಲ ದುಬಾರಿಯಾದದ್ದು. ಮಾದಕ ವಸ್ತು ಅವರಿಂದ ಕಿತ್ತುಕೊಳ್ಳುವುದು ಮುಖ್ಯವಾಗಿ ಕಾಲವನ್ನು, ಅದೂ ಬದುಕಿನಲ್ಲಿ ಮತ್ತೆ ಸುಲಭವಾಗಿ ಸಿಗದ ಮೂರು ನಾಲ್ಕು ವರ್ಷಗಳನ್ನು. ಸಾವು, ಹುಚ್ಚು, ಅಪರಾಧ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಕಾಣುವ ಪರಿಣಾಮಗಳು ನಿಜ. ಆದರೆ ಅವು ಕೆಲವರ ಪಾಲಿಗೆ ಬರುವಂಥವು. ಕಾಲದ ನಷ್ಟವಾದರೋ ನಿಯಮಿತವಾಗಿ ಬಳಸುವ ಹೆಚ್ಚಿನವರನ್ನು ತಟ್ಟುತ್ತದೆ. ಸಿಕ್ಕಿಬಿದ್ದವರನ್ನು ಸಂಸ್ಥೆಗಳು ನಡೆಸಿಕೊಳ್ಳುವ ರೀತಿ ಎಷ್ಟೋ ವೇಳೆ ಈ ನಷ್ಟವನ್ನು ಇಮ್ಮಡಿ ಮಾಡುತ್ತದೆ.

ಭಾರತದಲ್ಲಿ ಈ ಸಮಸ್ಯೆಯ ಗಾತ್ರವನ್ನು ತಿಳಿಯಲು ಇರುವ ದೊಡ್ಡ ಆಧಾರ ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ಮಾದಕ ಅವಲಂಬನೆ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ. ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿದ ಈ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ ಮದ್ಯ, ಶೇ. 2.8 ಮಂದಿ ಗಾಂಜಾ, ಭಂಗಿ, ಚರಸ್ಸಿನಂತಹ ಸೆಣಬು ಜಾತಿಯ ವಸ್ತು, ಶೇ. 2.1 ಮಂದಿ ಅಫೀಮು ವರ್ಗದ ವಸ್ತು ಬಳಸುತ್ತಿದ್ದರು. ಗಾಂಜಾ, ಹೆರಾಯಿನ್‌ನಂತಹ ನಿಷಿದ್ಧ ವಸ್ತುಗಳಿಗೆ ಅವಲಂಬಿತರಾದ ಇಪ್ಪತ್ತು ಮಂದಿಯಲ್ಲಿ ಒಬ್ಬರಿಗೆ, ಮದ್ಯಕ್ಕೆ ಅವಲಂಬಿತರಾದ ಮೂವತ್ತೆಂಟು ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಬಗೆಯ ಚಿಕಿತ್ಸೆ ದೊರೆತಿತ್ತು. ಮನೆಮನೆಯ ಸಮೀಕ್ಷೆಗೆ ಹಾಸ್ಟೆಲು, ಪಿಜಿಗಳಲ್ಲಿರುವ ಹುಡುಗ ಹುಡುಗಿಯರು ಸುಲಭವಾಗಿ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಬೆಂಗಳೂರು, ಮಂಗಳೂರು, ಮಣಿಪಾಲದಂತಹ ಶಿಕ್ಷಣ ಕೇಂದ್ರಗಳಲ್ಲಿ ಹೊರ ಊರು, ಹೊರ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆಯಲ್ಲಿ ಮನೆಯವರಿಂದ ದೂರ, ಕೈಯಲ್ಲಿ ತಿಂಗಳ ಖರ್ಚಿನ ಹಣ ಇಟ್ಟುಕೊಂಡು ಬದುಕುತ್ತಾರೆ. ಅಲ್ಲಿ ಮದ್ಯ ಮತ್ತು ತಂಬಾಕಿನ ಮುಂದೆ ಉಳಿದೆಲ್ಲವೂ ಚಿಕ್ಕವು. ಆಮೇಲೆ ಬರುವುದು ಹುಡುಗರ ಬಾಯಲ್ಲಿ ‘ಸೊಪ್ಪು’ ಆಗಿರುವ ಗಾಂಜಾ. ಅದರ ಹಿಂದೆ ಎಂಡಿಎಂಎ, ಎಲ್‌ಎಸ್‌ಡಿ, ನಿದ್ದೆ ಮಾತ್ರೆ, ನೋವಿನ ಮಾತ್ರೆಗಳು. ಮೆಡಿಕಲ್ ಶಾಪಿನಲ್ಲಿ ಸಿಗುತ್ತಿದ್ದ ಟ್ರಾಮಡಾಲ್ ಎಂಬ ನೋವು ನಿವಾರಕದ ದುರ್ಬಳಕೆ ಎಷ್ಟು ಹಬ್ಬಿತ್ತೆಂದರೆ 2018ರಲ್ಲಿ ಅದನ್ನೂ ಮಾದಕ ವಸ್ತು ಕಾಯ್ದೆಯ ಅಡಿಗೆ ತರಬೇಕಾಯಿತು.

ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಎಂಬ ರಾಸಾಯನಿಕವನ್ನು ಇಸ್ರೇಲಿನ ವಿಜ್ಞಾನಿಗಳಾದ ಗಾವೋನಿ ಮತ್ತು ಮೆಷೂಲಂ 1964ರಲ್ಲಿ ಪ್ರತ್ಯೇಕಿಸಿ ಗುರುತಿಸಿದರು. ಇದು ಮಿದುಳಿನಲ್ಲಿ ಹೋಗಿ ಕೂರುವ ತಾಣಗಳು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ದಟ್ಟವಾಗಿವೆ. ಹೊಸದಾಗಿ ಕೇಳಿದ್ದನ್ನು ನೆನಪಾಗಿ ಕಟ್ಟಿಡುವುದು ಇದೇ ಭಾಗದ ಕೆಲಸ. ಇದರ ಅರ್ಥ ತರಗತಿಯಲ್ಲಿ ಏನೆಂದು ನೋಡಬೇಕಾದರೆ ಕಪ್ಪುಹಲಗೆಯ ಮೇಲೆ ಗಣಿತದ ಒಂದು ಸಾಧನೆ ನಡೆಯುತ್ತಿದೆ ಎಂದುಕೊಳ್ಳಿ. ಏಳನೆಯ ಸಾಲು ಬರೆಯುವಾಗ ಮೇಷ್ಟ್ರು ಮೂರನೆಯ ಸಾಲಿನಲ್ಲಿ ಒಪ್ಪಿಕೊಂಡ ಷರತ್ತನ್ನು ಬಳಸುತ್ತಾರೆ. ಆ ಷರತ್ತು ಮನಸ್ಸಿನಲ್ಲಿ ನಿಂತಿದ್ದವನಿಗೆ ಏಳನೆಯ ಸಾಲು ಸಹಜವಾಗಿ ಕಾಣುತ್ತದೆ. ಅದು ಜಾರಿಹೋದವನಿಗೆ ಆ ಸಾಲು ಆಕಾಶದಿಂದ ಬಿದ್ದಂತೆ. ಅವನು ಬರೆದುಕೊಳ್ಳುತ್ತಾನೆ, ಆದರೆ ಅರ್ಥವಾಗುವುದಿಲ್ಲ. ಹಿಂದಿನ ರಾತ್ರಿ ಸೇದಿದ್ದು ಬೆಳಿಗ್ಗೆ ಒಂಬತ್ತಕ್ಕೆ ಅಮಲಾಗಿ ಉಳಿದಿರುವುದಿಲ್ಲ. ಹಾಗಿದ್ದರೂ ದಿನವೂ ಸೇದುವವರಲ್ಲಿ ಗಮನವನ್ನು ಹಿಡಿದಿಡುವ, ಹೊಸ ಪದಗಳನ್ನು ನೆನಪಿಡುವ ಶಕ್ತಿ ಸ್ವಲ್ಪ ಕುಂದಿರುವುದು ಪರೀಕ್ಷೆಗಳಲ್ಲಿ ಕಂಡುಬರುತ್ತದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಇಲ್ಲಿ ಅತಿಶಯ ಮಾಡಬಾರದು. ಹದಿಹರೆಯದವರು ಮತ್ತು ಯುವಕರ ಮೇಲಿನ 69 ಅಧ್ಯಯನಗಳನ್ನು ಒಟ್ಟಿಗೆ ತೂಗಿ 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಈ ಕುಂದು ಸಣ್ಣದೆಂದೂ, ಮೂರು ದಿನಕ್ಕಿಂತ ಹೆಚ್ಚು ಕಾಲ ಬಿಟ್ಟವರಲ್ಲಿ ಅದು ಬಹಳ ಮಟ್ಟಿಗೆ ಮಾಸುತ್ತದೆಂದೂ ಹೇಳಿತು. ‘ಒಮ್ಮೆ ಸೇದಿದರೆ ಮಿದುಳು ಸುಟ್ಟಂತೆ’ ಎನ್ನುವ ಭಾಷಣಕಾರರು ಸುಳ್ಳು ಹೇಳುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ಆ ಸುಳ್ಳು ಬೇಗ ತಿಳಿಯುತ್ತದೆ. ಅಲ್ಲಿಂದ ಮುಂದೆ ಅದೇ ಬಾಯಿ ಹೇಳುವ ನಿಜವನ್ನೂ ಅವರು ನಂಬುವುದಿಲ್ಲ.

ಮಿದುಳು ಚೇತರಿಸಿಕೊಳ್ಳುವುದಾದರೆ ಹಾನಿ ಎಲ್ಲಿದೆ? ಹಾಜರಿ ಪುಸ್ತಕದಲ್ಲಿದೆ. ವಾರಕ್ಕೆ ನಾಲ್ಕು ತರಗತಿಗಳಿರುವ ಒಂದು ವಿಷಯಕ್ಕೆ ಹದಿನೈದು ವಾರದ ಸೆಮಿಸ್ಟರಿನಲ್ಲಿ 60 ತರಗತಿ. ಸಾಮಾನ್ಯವಾಗಿ ಕೇಳುವ ಶೇ. 75ರ ಹಾಜರಿಗೆ 45 ತರಗತಿ ಬೇಕು. ತಪ್ಪಿಸಿಕೊಳ್ಳಲು ಉಳಿದದ್ದು 15. ಭಾನುವಾರ ರಾತ್ರಿಯ ಕೂಟದಿಂದ ಸೋಮವಾರದ ಮೊದಲ ಪೀರಿಯಡ್ಡು ಮಾತ್ರ ತಪ್ಪುತ್ತದೆ, ವಾರಕ್ಕೊಂದೇ ತರಗತಿ ಎಂದುಕೊಂಡರೂ ಆ 15 ಅಲ್ಲಿಗೇ ಮುಗಿಯಿತು. ಜ್ವರಕ್ಕೆ, ಊರ ಹಬ್ಬಕ್ಕೆ, ಅಕ್ಕನ ಮದುವೆಗೆ ಒಂದೂ ಉಳಿಯಲಿಲ್ಲ. ಶಾರ್ಟೇಜ್ ಬಂದರೆ ಪರೀಕ್ಷೆಗೆ ಕೂರುವಂತಿಲ್ಲ. ಕೂತರೂ ಇಂಟರ್ನಲ್ಸ್ ಕಡಿಮೆ. ಉಳಿದ ವಿಷಯ ಮುಂದಿನ ಸೆಮಿಸ್ಟರಿನ ವಿಷಯಗಳ ಮೇಲೆ ಹೊರೆಯಾಗಿ ಬೀಳುತ್ತದೆ. ಮುಂದಿನ ವಿಷಯ ಅರ್ಥವಾಗಬೇಕಾದರೆ ಹಿಂದಿನದೇ ಬುನಾದಿಯಾಗಿರುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2004ರಲ್ಲಿ ಸೇರಿದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಮೆಲಿಯಾ ಆರ್ಯಾ ಅವರ ತಂಡ ಕಂಡದ್ದು ಇದೇ ಸರಪಳಿ. ಗಾಂಜಾ ಹೆಚ್ಚು ಸೇದಿದವರು ತರಗತಿ ಹೆಚ್ಚು ತಪ್ಪಿಸಿದರು, ಅದರಿಂದ ಅಂಕ ಇಳಿಯಿತು, ಅದರಿಂದ ಪದವಿ ತಡವಾಯಿತು. ನಮ್ಮಲ್ಲಿ ಈ ಸರಪಳಿಗೆ ಇನ್ನೂ ಎರಡು ಕೊಂಡಿಗಳಿವೆ. ವಿದ್ಯಾರ್ಥಿವೇತನಕ್ಕೂ ಸರ್ಕಾರಿ ಹಾಸ್ಟೆಲಿನ ಸೀಟಿಗೂ ಹಾಜರಿ ಮತ್ತು ತೇರ್ಗಡೆ ಬೇಕು. ಹಾಗಾಗಿ ಅದೇ ಗಾಂಜಾ, ಅದೇ ಪ್ರಮಾಣ, ಅದೇ ಹದಿನೈದು ತರಗತಿ, ಆದರೆ ಅಪ್ಪನ ದುಡ್ಡಿನಲ್ಲಿ ಓದುವವನಿಗೆ ಒಂದು ವರ್ಷ ಹೋದರೆ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವನಿಗೆ ಓದೇ ಹೋಗಬಹುದು. ಈ ಅಸಮಾನತೆಯನ್ನು ಕಾಣದ ಯಾವ ವಿವರಣೆಯೂ ಪೂರ್ಣವಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಾರಣ ಯಾವುದು, ಪರಿಣಾಮ ಯಾವುದು? ಓದಿನಲ್ಲಿ ಹಿಂದೆ ಬಿದ್ದವರು, ಬೇಸರಗೊಂಡವರು, ಮನೆಯಲ್ಲಿ ನೆಮ್ಮದಿ ಇಲ್ಲದವರೇ ಮಾದಕ ವಸ್ತುವಿನತ್ತ ಹೋಗುತ್ತಿರಬಹುದಲ್ಲವೇ? ಖಂಡಿತ ಹೋಗುತ್ತಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ ಹುಟ್ಟಿದ ಸಾವಿರದಷ್ಟು ಮಂದಿಯನ್ನು 38ನೆಯ ವಯಸ್ಸಿನವರೆಗೆ ಗಮನಿಸಿದ ಅಧ್ಯಯನ, ಹದಿಹರೆಯದಲ್ಲೇ ಗಾಂಜಾ ಆರಂಭಿಸಿ ಬಿಡದೆ ಮುಂದುವರಿಸಿದವರ ಬುದ್ಧಿಸೂಚ್ಯಂಕ ಸುಮಾರು 8 ಅಂಕ ಇಳಿದಿತ್ತೆಂದು 2012ರಲ್ಲಿ ಹೇಳಿತು. ನಾಲ್ಕು ವರ್ಷದ ನಂತರ ಅವಳಿಗಳ ಮೇಲೆ ನಡೆದ ಅಧ್ಯಯನದಲ್ಲಿ ಸೇದಿದ ಅವಳಿಗೂ ಸೇದದ ಅವಳಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮನೆಯ ಪರಿಸ್ಥಿತಿಯೇ ಕಾರಣವಿರಬಹುದೆಂಬ ಸಂಶಯಕ್ಕೆ ಅದು ಬಲ ಕೊಟ್ಟಿತು. ಈ ವಾದವನ್ನು ಬಗೆಹರಿಸಲು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಗಾಂಜಾ ಕೊಡುವ ಪ್ರಯೋಗ ಮಾಡಲಾಗದು. ಆದರೆ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಲ್ಲಿ ಅಂಥದ್ದೊಂದು ಪ್ರಯೋಗ ತಾನಾಗಿಯೇ ನಡೆಯಿತು. ಗಾಂಜಾ ಪ್ರವಾಸಿಗರ ಕಾಟ ತಡೆಯಲು 2011ರ ಅಕ್ಟೋಬರಿನಿಂದ ಅಲ್ಲಿನ ಅಂಗಡಿಗಳು ಡಚ್ಚರು, ಜರ್ಮನರು, ಬೆಲ್ಜಿಯನ್ನರನ್ನು ಬಿಟ್ಟು ಬೇರೆ ದೇಶದವರಿಗೆ ಗಾಂಜಾ ಮಾರುವುದನ್ನು ಕೆಲವು ತಿಂಗಳು ನಿಲ್ಲಿಸಿದವು. ಒಂದೇ ವಿಶ್ವವಿದ್ಯಾಲಯ, ಒಂದೇ ತರಗತಿ, ಒಂದೇ ಪ್ರಶ್ನೆಪತ್ರಿಕೆ. ಪಾಸ್‌ಪೋರ್ಟ್ ಮಾತ್ರ ಬೇರೆ. ಮಾರಾಟ ನಿಂತ ದೇಶಗಳ ವಿದ್ಯಾರ್ಥಿಗಳು ತೇರ್ಗಡೆಯಾಗುವ ಸಾಧ್ಯತೆ ಶೇ. 5ರಷ್ಟು ಹೆಚ್ಚಿತೆಂದು ಒಲಿವಿಯೆ ಮರೀ ಮತ್ತು ಉಲ್ಫ್ ಜಿಯೋಲಿಟ್ಸ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದರು. ಲೆಕ್ಕದ ಕೌಶಲ ಬೇಡುವ ವಿಷಯಗಳಲ್ಲಿ ಸುಧಾರಣೆ ಇನ್ನೂ ಹೆಚ್ಚಿತ್ತು. ಕಷ್ಟದಲ್ಲಿರುವವರು ಗಾಂಜಾದತ್ತ ಹೋಗುತ್ತಾರೆ ಎಂಬುದೂ ನಿಜ, ಗಾಂಜಾ ಓದನ್ನು ಕೆಡಿಸುತ್ತದೆ ಎಂಬುದೂ ನಿಜ. ಒಂದು ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ.

ಕೆಲವರ ಪಾಲಿಗೆ ಬರುವ ತೀವ್ರ ಹಾನಿಗಳ ಮಾತಿಗೆ ಬಂದರೆ, ಚಿತ್ತವಿಕಲತೆ ಮೊದಲು ನಿಲ್ಲುತ್ತದೆ. 1969-70ರಲ್ಲಿ ಸೇನೆಗೆ ಕರೆಬಂದ 45 ಸಾವಿರದಷ್ಟು ಸ್ವೀಡಿಷ್ ಯುವಕರಲ್ಲಿ, ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಿಗೆ ಮುಂದಿನ ಹದಿನೈದು ವರ್ಷಗಳಲ್ಲಿ ಸ್ಕಿಜೋಫ್ರೇನಿಯಾ ಬಂದ ಪ್ರಮಾಣ ಬಳಸದವರ ಆರು ಪಟ್ಟಿತ್ತು. ಬೇರೆ ಅಂಶಗಳನ್ನೂ ಲೆಕ್ಕಕ್ಕೆ ಹಿಡಿದಾಗ ಈ ಅಂತರ ಕಿರಿದಾಯಿತು, ಅಳಿಸಿಹೋಗಲಿಲ್ಲ. ಸ್ಕಿಜೋಫ್ರೇನಿಯಾ ಗಂಡುಮಕ್ಕಳಲ್ಲಿ ಹೆಚ್ಚಾಗಿ ತಲೆಯೆತ್ತುವುದು ಹದಿನೆಂಟರಿಂದ ಇಪ್ಪತ್ತೈದರ ನಡುವೆ, ಅಂದರೆ ಕಾಲೇಜಿನ ವರ್ಷಗಳಲ್ಲೇ. ಆದ್ದರಿಂದ ಮನೆತನದಲ್ಲಿ ಈ ಕಾಯಿಲೆ ಇರುವವರಿಗೆ ಗಾಂಜಾ ‘ನಿರಪಾಯದ ಸೊಪ್ಪು’ ಅಲ್ಲವೇ ಅಲ್ಲ. ಎಂಡಿಎಂಎ ಮಿದುಳಿನ ಸಿರೊಟೋನಿನ್ ದಾಸ್ತಾನನ್ನು ಒಮ್ಮೆಲೇ ಹೊರಚೆಲ್ಲಿಸುತ್ತದೆ. ಅದಕ್ಕೇ ಕೂಟದ ರಾತ್ರಿ ಉಲ್ಲಾಸ, ಎರಡು ಮೂರು ದಿನದ ಮೇಲೆ ಕಾರಣವಿಲ್ಲದ ಖಿನ್ನತೆ. ಇಕ್ಕಟ್ಟಿನ ಜಾಗದಲ್ಲಿ ಗಂಟೆಗಟ್ಟಲೆ ಕುಣಿದಾಗ ದೇಹದ ಉಷ್ಣ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಹೆರಾಯಿನ್ ಮತ್ತು ನೋವಿನ ಮಾತ್ರೆಗಳದ್ದು ಬೇರೆ ದಾರಿ. ಕೆಲವೇ ವಾರಗಳಲ್ಲಿ ದೇಹ ಅವುಗಳಿಗೆ ಒಗ್ಗಿಕೊಂಡು, ಇಲ್ಲದ ದಿನ ಮೂಗು ಸೋರಿ, ಮೈಮೂಳೆ ನೊಂದು, ಹೊಟ್ಟೆ ಕೆಟ್ಟು ಹಾಸಿಗೆ ಹಿಡಿಸುತ್ತದೆ. ಮೊದಲು ಖುಷಿಗೆಂದು ತೆಗೆದುಕೊಂಡವನು ಈಗ ಕಾಯಿಲೆ ಬಾರದಿರಲೆಂದು ತೆಗೆದುಕೊಳ್ಳುತ್ತಾನೆ. ಅತಿಯಾದರೆ ಉಸಿರಾಟವೇ ನಿಲ್ಲುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ. ಪರೀಕ್ಷೆಗೆ ರಾತ್ರಿಯಿಡೀ ಓದಲು ಎಚ್ಚರದ ಮಾತ್ರೆ ನುಂಗುವವರ ನಂಬಿಕೆಯೂ ಹುಸಿಯೇ. ವೈದ್ಯರ ಚೀಟಿಯಿಲ್ಲದೆ ಇಂಥ ಮಾತ್ರೆ ಬಳಸಿದವರ ಅಂಕ ಏರಲಿಲ್ಲ, ಬಳಸದವರ ಅಂಕವೇ ಏರಿತು ಎಂದು ಮೇರಿಲ್ಯಾಂಡಿನ ಅದೇ ಅಧ್ಯಯನ ತೋರಿಸಿದೆ.

‘ನಮ್ಮಲ್ಲಿ ಇದು ಹೊಸತೇ? ಸಾಧುಗಳು ಸೇದುತ್ತಿರಲಿಲ್ಲವೇ?’ ಎಂಬ ಪ್ರಶ್ನೆ ಹಾಸ್ಟೆಲಿನ ಚರ್ಚೆಗಳಲ್ಲಿ ತಪ್ಪದೆ ಬರುತ್ತದೆ, ಅದಕ್ಕೆ ಗೌರವದಿಂದಲೇ ಉತ್ತರಿಸಬೇಕು. ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪರಂಪರೆಗಳಲ್ಲಿ ಗಾಂಜಾಕ್ಕೆ ಬಹಳ ಹಿಂದಿನಿಂದ ಸ್ಥಾನವಿದೆ. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಭಾರತೀಯ ಸೆಣಬು ಮಾದಕ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು ಎಂಬ ತೀರ್ಮಾನಕ್ಕೆ ಬಂದಿತ್ತು. 1985ರ ಮಾದಕ ವಸ್ತು ಕಾಯ್ದೆ ಕೂಡ ಗಿಡದ ಹೂಗೊಂಚಲನ್ನು ಗಾಂಜಾ ಎಂದು ನಿಷೇಧಿಸಿ, ಎಲೆಯಿಂದ ಮಾಡುವ ಭಂಗಿಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಇದೆಲ್ಲ ಸರಿ. ಆದರೆ ಆಯೋಗದ ಮುಂದಿದ್ದ ಪ್ರಶ್ನೆ ದೇಹ, ಬುದ್ಧಿ, ನಡತೆ ಕೆಡುತ್ತವೆಯೇ ಎಂಬುದು. ದಿನಕ್ಕೆ ಐದು ಗಂಟೆ ಹೊಸದನ್ನು ಕಲಿತು, ನೆನಪಿಟ್ಟು, ಆರು ತಿಂಗಳಿಗೊಮ್ಮೆ ಅದನ್ನು ಕಾಗದದ ಮೇಲೆ ಒಪ್ಪಿಸಬೇಕಾದವನಿಗೆ ಏನಾಗುತ್ತದೆ ಎಂದು ಅದು ಕೇಳಿರಲಿಲ್ಲ. ಸಂಸಾರ ಬಿಟ್ಟ ಅವಧೂತನಿಗೆ ಸೆಮಿಸ್ಟರ್ ಇರಲಿಲ್ಲ. ಪರಂಪರೆಯಲ್ಲಿ ಸೇವನೆಗೆ ಗುರು, ಜಾಗ, ಹೊತ್ತುಗಳ ಕಟ್ಟು ಇತ್ತು. ಬಾಗಿಲು ಹಾಕಿದ ಪಿಜಿ ಕೋಣೆಯಲ್ಲಿ ಆ ಕಟ್ಟುಗಳು ಯಾವುವೂ ಇಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಬಹುಪಾಲು ವಿದ್ಯಾರ್ಥಿಗಳು ಕೆಲಸ, ಮದುವೆ, ಜವಾಬ್ದಾರಿ ಬಂದಮೇಲೆ ತಾವೇ ಬಿಟ್ಟುಬಿಡುತ್ತಾರೆ, ಸುಮ್ಮನಿದ್ದರಾಯಿತು ಎನ್ನುವವರಿದ್ದಾರೆ. ಇದಕ್ಕೆ ಸಾಕ್ಷ್ಯವೂ ಇದೆ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಅಧ್ಯಯನ ಮಾಡಿದ ಲೀ ರಾಬಿನ್ಸ್, ಅಲ್ಲಿ ಹೆರಾಯಿನ್‌ಗೆ ಅವಲಂಬಿತರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಅವಲಂಬಿತರಾದವರು ಶೇ. 5ರಷ್ಟು ಮಾತ್ರ ಎಂದು ಕಂಡರು. ಜಾಗ, ಜೊತೆಗಾರರು, ದಿನಚರಿ ಬದಲಾದರೆ ಎಷ್ಟೋ ಮಂದಿ ಹೊರಬರುತ್ತಾರೆ ಎಂಬುದು ಆಶೆ ಕೊಡುವ ಮಾತು. ಆದರೆ ಸುಮ್ಮನಿರಲು ಅದು ಸಮರ್ಥನೆಯಾಗದು. ಇಪ್ಪತ್ತಾರರಲ್ಲಿ ತಾನಾಗಿ ಬಿಡುವ ಹುಡುಗ ಇಪ್ಪತ್ತರಿಂದ ಇಪ್ಪತ್ತೆರಡರವರೆಗೆ ಕಳೆದುಕೊಂಡ ಸೆಮಿಸ್ಟರುಗಳು ಅವನು ಬಿಟ್ಟನೆಂದು ಮರಳಿ ಬರುವುದಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿ ಬ್ಯಾಕ್‌ಲಾಗ್ ಇಲ್ಲದವರ ಪಟ್ಟಿ ಹಿಡಿದು ಹೋಗಿಯಾಗಿರುತ್ತದೆ.

ಕಾಲದ ಈ ನಷ್ಟದ ಮೇಲೆ ಕಾನೂನಿನ ಹೊಡೆತವೂ ಬೀಳಬಹುದು. ಬಳಕೆಗೆ ಮಾದಕ ವಸ್ತು ಕಾಯ್ದೆಯ 27ನೆಯ ಕಲಮಿನ ಪ್ರಕಾರ ವಸ್ತುವನ್ನು ನೋಡಿ ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಗಾಂಜಾಕ್ಕೆ ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’. ಎಂಡಿಎಂಎಗೆ ಆ ಗೆರೆ ಅರ್ಧ ಗ್ರಾಮಿಗೇ ನಿಲ್ಲುತ್ತದೆ, ಹತ್ತು ಗ್ರಾಂ ದಾಟಿದರೆ ಅದು ‘ವಾಣಿಜ್ಯ ಪ್ರಮಾಣ’ವೇ ಆಗಿಬಿಡುತ್ತದೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ, ಜಾಮೀನು ಬಹಳ ಕಷ್ಟ. ಐದಾರು ಗೆಳೆಯರು ದುಡ್ಡು ಹಾಕಿ, ಅವರಲ್ಲೊಬ್ಬ ಹೋಗಿ ಎಲ್ಲರಿಗೂ ತಂದಾಗ ಅವನು ತನ್ನನ್ನು ಗೆಳೆಯನೆಂದೇ ತಿಳಿದಿರುತ್ತಾನೆ. ಕಾಯ್ದೆಯ ಕಣ್ಣಿಗೆ ಅವನು ಸಾಗಿಸಿದವನು, ಹಂಚಿದವನು. ತಂದ ವಸ್ತುವಿನ ಸಾಲ ಏರಿದಾಗ ಪೆಡ್ಲರ್‌ಗಳು ಹುಡುಕುವುದೂ ಇಂಥವನನ್ನೇ. ಅದೇ ಕಾಯ್ದೆಯ 64ಎ ಕಲಮು ಮಾತ್ರ ಯಾರ ಕಿವಿಗೂ ಬಿದ್ದಂತಿಲ್ಲ. ಬಳಕೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಕಾಲೇಜುಗಳ ಸೂಚನಾ ಫಲಕದಲ್ಲಿ 27ನೆಯ ಕಲಮಿನ ಪಕ್ಕದಲ್ಲೇ ಇದನ್ನೂ ಬರೆಯಬೇಕಿತ್ತು.

ಮೃದುವಾದರೆ ಹಾವಳಿ ಹೆಚ್ಚುತ್ತದೆ, ತಪಾಸಣೆ ಮಾಡಿ ಸಿಕ್ಕವರನ್ನು ಟಿಸಿ ಕೊಟ್ಟು ಕಳಿಸಿದರೆ ಉಳಿದವರು ಹೆದರುತ್ತಾರೆ ಎಂಬುದು ಆಡಳಿತಗಳ ಸಾಮಾನ್ಯ ನಿಲುವು. ಪೋಷಕರ ಆತಂಕವೂ ಅದರ ಹಿಂದಿದೆ, ಅದನ್ನು ಹಗುರ ಮಾಡುವಂತಿಲ್ಲ. ಆದರೆ ಹೆದರಿಕೆ ಕೆಲಸ ಮಾಡುತ್ತದೆಯೇ ಎಂದು ಅಳೆದು ನೋಡಿದವರಿದ್ದಾರೆ. ಅಮೆರಿಕದ ನೂರಾರು ಶಾಲೆಗಳ ಮಾಹಿತಿ ಇಟ್ಟುಕೊಂಡು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂತ್ರ ತಪಾಸಣೆ ಇದ್ದ ಶಾಲೆಗಳಿಗೂ ಇಲ್ಲದ ಶಾಲೆಗಳಿಗೂ ಬಳಕೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪೊಲೀಸರು ತರಗತಿಗೆ ಬಂದು ಎಚ್ಚರಿಸುವ ‘ಡೇರ್’ ಎಂಬ ಅಲ್ಲಿನ ಪ್ರಸಿದ್ಧ ಕಾರ್ಯಕ್ರಮವೂ ಬಳಕೆಯನ್ನು ಹೇಳಿಕೊಳ್ಳುವಷ್ಟು ತಗ್ಗಿಸಲಿಲ್ಲ. ಅದಕ್ಕೆ ವಿರುದ್ಧವಾಗಿ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ, ಕುಡಿದು ಅಪಾಯಕ್ಕೆ ಸಿಕ್ಕ ಗೆಳೆಯನಿಗಾಗಿ ಆಂಬ್ಯುಲೆನ್ಸ್ ಕರೆದವರ ಮೇಲೆ ಶಿಸ್ತುಕ್ರಮ ಇಲ್ಲ ಎಂಬ ನಿಯಮ ತಂದಾಗ ನೆರವಿನ ಕರೆಗಳು ಹೆಚ್ಚಿದವು, ಕುಡಿತ ಹೆಚ್ಚಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನ ಉಸಿರು ನಿಧಾನವಾಗುತ್ತಿರುವಾಗ ಅವನ ಕೋಣೆಯವನು ಮೊದಲು ಯೋಚಿಸುವುದು ವಾರ್ಡನ್ ಏನೆನ್ನುತ್ತಾರೆ ಎಂದಾದರೆ, ಆ ಕೆಲವು ನಿಮಿಷಗಳಲ್ಲಿ ಒಂದು ಜೀವ ಹೋಗಬಹುದು. ನೆರವು ಕೇಳುವುದು ಹುಡುಗಿಯರ ಹಾಸ್ಟೆಲುಗಳಲ್ಲಿ ಇನ್ನೂ ಕಠಿಣ. ವಿಷಯ ಮನೆಗೆ ತಿಳಿದರೆ ಓದು ನಿಂತು ಮದುವೆಯಾದೀತೆಂಬ ಭಯ ಅವರ ಬಾಯಿ ಕಟ್ಟುತ್ತದೆ. ಮಾರುವವರ ಮೇಲೆ ಕಾನೂನು ಪೂರ್ಣ ಬಲದಿಂದ ಬೀಳಲಿ, ಅದರಲ್ಲಿ ತಕರಾರಿಲ್ಲ. ಬಳಸುವ ವಿದ್ಯಾರ್ಥಿಯನ್ನು ಹೊರಹಾಕಿದರೆ ಅವನಿಂದ ತೆಗೆದುಕೊಂಡದ್ದು ಅವನನ್ನು ಚಟದಿಂದ ಎಳೆಯಬಲ್ಲ ಒಂದೇ ಹಗ್ಗ: ದಿನಚರಿ, ಗೆಳೆಯರು, ಮುಂದೊಂದು ಪದವಿ ಇದೆಯೆಂಬ ಭರವಸೆ.

ಚಿಕಿತ್ಸೆಯ ದಾರಿ ಕರ್ನಾಟಕದಲ್ಲಿ ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಾದಕ ವ್ಯಸನಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446. ಅವಲಂಬನೆ ಇನ್ನೂ ಗಟ್ಟಿಯಾಗದ ಹಂತದಲ್ಲಿ ಆಸ್ಪತ್ರೆಯೂ ಬೇಕಿಲ್ಲ. ಎಷ್ಟು ಬಳಸುತ್ತಿದ್ದೀಯ, ಅದರಿಂದ ನಿನಗೆ ಏನು ತಪ್ಪಿತು ಎಂದು ಬೈಯದೆ ಕೇಳುವ ಒಂದೆರಡು ಸಲದ ಆಪ್ತಸಮಾಲೋಚನೆ ಕುಡಿತದ ವಿಷಯದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನೆರವಾಗಿರುವುದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಾಟ್ ಅವರ ಕೆಲಸದಿಂದ ತಿಳಿದಿದೆ. ಅಂಥ ಪ್ರಶ್ನೆ ಕೇಳಲು ಸರಿಯಾದ ಹೊತ್ತು ಯಾವುದೆಂದು ಹಾಜರಿ ಪುಸ್ತಕವೇ ಹೇಳುತ್ತದೆ. ಸೋಮವಾರದ ಮೊದಲ ಪೀರಿಯಡ್ಡು ನಾಲ್ಕು ವಾರ ಸತತವಾಗಿ ತಪ್ಪಿದಾಗ, ಹದಿನೈದನೆಯ ವಾರಕ್ಕೆ ಮೊದಲು. ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾದವರು ಓದನ್ನು ಅಷ್ಟರಮಟ್ಟಿಗೆ ನಿಲ್ಲಿಸಿ ಮರಳುವ ಅವಕಾಶವೂ ಈಗ ನಿಯಮಗಳಲ್ಲೇ ಇದೆ. 2021ರ ಯುಜಿಸಿ ನಿಯಮಾವಳಿಯ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕಿನಲ್ಲಿ ಗಳಿಸಿದ ಕ್ರೆಡಿಟ್ಟುಗಳು ಏಳು ವರ್ಷದವರೆಗೆ ಉಳಿಯಬಲ್ಲವು. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿ, ಚಿಕಿತ್ಸೆಯ ವಿವರ ಗೋಪ್ಯವಾಗಿರುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ರಜೆ ಅರ್ಜಿಯ ಜೊತೆಗಿಡುವ ವೈದ್ಯರ ಪತ್ರದಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಚಿಕಿತ್ಸೆ ಎಂದಿದ್ದರೆ ಸಾಕು. ಯಾವ ಕಾಯಿಲೆ ಎಂದು ಕಾಲೇಜಿನ ಕಚೇರಿ ಕೇಳಬೇಕಾದ ಅಗತ್ಯವಿಲ್ಲ.